ಬೇವಿನ ಗಿಡ ಐತೇನ್ರಿ?

ಹೊಟ್ಟೆಕಿಚ್ಚು ಪಡುವುದಕ್ಕೂ ಎದುರಿಗೆ ತಕ್ಕ ವ್ಯಕ್ತಿ ಬೇಕು ಎಂದು ನಂಬಿದವನು ನಾನು. ನೆರೆಮನೆಯವರ ಮೇಲೆ, ಷಡ್ಡಕನ ಮೇಲೆ, ನಮ್ಮ ಜೊತೆಗೇ ಕೆಲಸಕ್ಕೆ ಸೇರಿ ನಮಗಿಂತ ಮೊದಲು ಬಡ್ತಿ ಪಡೆದವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಅದಕ್ಕೊಂದು ಮರ್ಯಾದೆ ಇದೆ. ನಾನು ಪಟ್ಟಿದ್ದು ಒಂದು ಕಂಪ್ಯೂಟರಿನ ಮೇಲೆ. ಅದೂ ಒಂದೆರಡು ದಿನವಲ್ಲ, ಮುಂಗಾರಿನಿಂದ ಹಿಂಗಾರಿನವರೆಗೆ, ಊಟ ಸೇರದಷ್ಟು. ಅದು ಹೊಟ್ಟೆಕಿಚ್ಚೆಂದು ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಮ್ಮಲ್ಲೇ ಇರಲಿ.

ಆಗ ನಾನು ಯಲಬುರ್ಗಾದ ಒಂದು ರೈತರ ಸಂಘದಲ್ಲಿ ಬೆಳೆ ಸಲಹೆಗಾರ. ಹುದ್ದೆಯ ಹೆಸರು ದೊಡ್ಡದು, ಮೇಜು ಸಣ್ಣದು. ಬೆಳಗಿನ ಬಸ್ಸಿಗೆ ಬಂದಿಳಿದ ರೈತರು ರೋಗ ಬಿದ್ದ ಗಿಡವನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಆ ಮೇಜಿನ ಮೇಲೆ ಬಿಚ್ಚುತ್ತಿದ್ದರು. ನಾನು ಎಲೆ ಮುರಿದು ಮೂಸಿ, ಕಾಂಡ ಸೀಳಿ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಬದುವಿನ ಮ್ಯಾಲ ಬೇವಿನ ಗಿಡ ಐತೇನ್ರಿ?" ಎಂದು ಕೇಳುತ್ತಿದ್ದೆ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಿಜ ಹೇಳಬೇಕೆಂದರೆ ರೋಗ ಯಾವುದೆಂದು ನನಗೆ ತಟ್ಟನೆ ಹೊಳೆಯುತ್ತಿರಲಿಲ್ಲ. ರೈತ ತನ್ನ ಬೇವನ್ನು ನೆನಪಿಸಿಕೊಳ್ಳುವಷ್ಟರಲ್ಲಿ ನಾನು ರೋಗವನ್ನು ನೆನಪಿಸಿಕೊಳ್ಳುತ್ತಿದ್ದೆ. ಜನ ಮಾತ್ರ ಅದರಲ್ಲಿ ದೊಡ್ಡ ಮರ್ಮವಿದೆ ಎಂದುಕೊಂಡಿದ್ದರು. ನಾಲ್ಕೆಕರೆ ಎರೆ ಹೊಲದ ಹುಸೇನಸಾಬರಂತೂ ನನ್ನನ್ನು ಕೇಳದೆ ಬೆಳೆಗೆ ಒಂದು ಹನಿ ಎಣ್ಣೆ ಹೊಡೆದವರಲ್ಲ. ನಮ್ಮ ಕಡೆ ಹುಳದ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. "ಸಾಹೇಬ್ರು ಹೇಳ್ಯಾರ ಅಂದ ಮ್ಯಾಲ ಮುಗೀತು" ಎಂದು ಅವರು ಬಸ್ಸಿನಲ್ಲಿ ಹತ್ತು ಜನರ ಮುಂದೆ ಅಂದರೆ ನನ್ನ ಅಂಗಿಯ ಗುಂಡಿ ಬಿಗಿಯಾಗುತ್ತಿತ್ತು.

ಹೀಗಿರುವಾಗ ಗಂಗಾವತಿಯಿಂದ ಕಂಪ್ಯೂಟರ್ ಓದಿದ ಸುನೀತಾ ಮೇಡಂ ಬಂದರು. ರೋಗ ಗುರುತಿಸುವ ಕಂಪ್ಯೂಟರ್ ಮಾಡುತ್ತೇನೆಂದು ಒಂದು ನೋಟ್‌ಬುಕ್ ಹಿಡಿದು ಹದಿನೈದು ದಿನ ನನ್ನ ಪಕ್ಕದಲ್ಲೇ ಕೂತರು. "ನಿಮ್ಮ ತಲ್ಯಾಗ ಇರೋದನ್ನ 'ಹಿಂಗಿದ್ದರ ಹಂಗ' ಅಂತ ಬರ್ಕೋತೀನ್ರಿ ಸರ್. ಕಾಯಾಗ ತೂತು ಇದ್ದರ ಕಾಯಿಕೊರಕ ಹುಳ. ಕಾಯಿಕೊರಕ ಅಂತ ಗೊತ್ತಾತು, ಹುಳ ಇನ್ನೂ ಸಣ್ಣದೈತಿ, ಹಂಗಾದ್ರ ಇಂಥಾ ಎಣ್ಣಿ. ಒಂದು ನಿಯಮದ ಉತ್ತರ ಹಿಡಕೊಂಡು ಮುಂದಿನ ನಿಯಮಕ್ಕ ಹೋಗತೈತಿ. ನಡುವ ಏನರ ಗೊತ್ತಿಲ್ಲಂದ್ರ ರೈತರನ್ನ ಕೇಳತೈತಿ." ಮತ್ತೆ ಬುದ್ಧಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಅದಕ್ಕ ಸ್ವಂತ ಬುದ್ಧಿ ಇಲ್ರಿ. ನೀವು ಹೇಳಿದ್ದ ಅದರ ಬುದ್ಧಿ" ಎಂದರು. ಆ ಮಾತಿಗೆ ನಾನು ಉಬ್ಬಿ, ಗೊತ್ತಿದ್ದುದನ್ನೆಲ್ಲ ಹೇಳಿದೆ. ಕೊನೆಯ ದಿನ ಮೇಡಂ ಪೆನ್ನು ಎತ್ತಿ ಹಿಡಿದು, "ಸರ್, ಎಲ್ಲಾರನ್ನೂ ಬೇವಿನ ಗಿಡ ಐತೇನಂತ ಕೇಳ್ತೀರಿ. ಇದ್ದರ ಏನ್ರಿ?" ಎಂದರು. ಯೋಚಿಸಲು ಸಮಯ ಸಿಗಲಿ ಎಂದು ಕೇಳುತ್ತೇನೆ ಅಂತ ಹೇಗೆ ಹೇಳಲಿ? "ಇದ್ದರ ಎಣ್ಣಿ ಅರ್ಧ ಸಾಕು" ಎಂದುಬಿಟ್ಟೆ. ಅವರು ಅದನ್ನೂ ಬರೆದುಕೊಂಡು, ಇಪ್ಪತ್ತೇಳು ಎಂದು ನಂಬರ್ ಹಾಕಿದರು.

ಕಂಪ್ಯೂಟರ್ ಬಂತು, ಅದನ್ನು ನಡೆಸಲು ಮೇಡಂ ಕೂಡ ಬಂದರು. ಅದಕ್ಕೆ ಸೆಕೆಯಾಗುತ್ತದೆಂದು ನನ್ನ ತಲೆಯ ಮೇಲಿನ ಫ್ಯಾನ್ ಬಿಚ್ಚಿ ಅದರ ಕೋಣೆಗೆ ಹಾಕಿದರು. ಮೂವತ್ತು ವರ್ಷದ ಸಂಘದಲ್ಲಿ ನನ್ನ ಮುಂದೆ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ, ಅದರ ಬಾಗಿಲಲ್ಲಿ ಸಾಲಾಗಿ ಬಿಟ್ಟರು. ನನ್ನ ಹೆಂಡತಿ ಶಾಂತಾ, ನನ್ನ ಹರಿದ ದಿಂಬಿನ ಚೀಲ ಹೊಲಿಯಲು ಇನ್ನೂ ಮುಹೂರ್ತ ನೋಡುತ್ತಿದ್ದವಳು, ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಎರಡೇ ದಿನದಲ್ಲಿ ಅದಕ್ಕೆ ಹೊದಿಕೆ ಹೊಲಿದು ಕೊಟ್ಟಳು. ಇದನ್ನೆಲ್ಲ ನುಂಗಿಕೊಂಡೆ. ಆದರೆ ಒಂದು ಬೆಳಿಗ್ಗೆ ಹುಸೇನಸಾಬರು ನನಗೆ ಸಲಾಂ ಹೇಳಿ, ಟವೆಲ್ಲು ಬಿಚ್ಚದೆ, ನೆಟ್ಟಗೆ ಆ ಕೋಣೆಗೆ ಹೋದರು. ವಾಪಸು ಬರುವಾಗ, "ಭಾಳ ಛಲೋ ಐತ್ರಿ ಸಾಹೇಬ್ರ. ಯಾಕ ಅಂತ ಕೇಳಿದ್ರ, ಯಾವ ನಿಯಮದ ಮ್ಯಾಲ ಹೇಳಿದೆ ಅಂತ ತೋರಸತೈತಿ" ಎಂದರು. ಮನೆಯಲ್ಲಿ ಶಾಂತಾಳ ಮುಂದೆ ಗೋಳು ತೋಡಿಕೊಂಡೆ. ಅವಳು ರೊಟ್ಟಿ ಬಡಿಯುತ್ತಲೇ, "ಅದು ಕೇಳಿದ್ದಕ್ಕ ಕಾರಣ ಹೇಳತೈತ್ರಿ. ನಿಮ್ಮನ್ನ ಯಾಕ ಅಂತ ಕೇಳಿದ್ರ ಸಿಟ್ಟಿಗೇಳ್ತೀರಿ" ಎಂದಳು. ಯಾಕೆ ಹಾಗನ್ನುತ್ತೀ ಎಂದು ಸಿಟ್ಟಿಗೆದ್ದೆ.

ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಹುಸೇನಸಾಬರು ಮತ್ತೆ ಬಂದರು. ಗೋಡೆಯ ಆಚೆಯಿಂದ ಮೇಡಂ ಓದಿ ಹೇಳುವುದು ನನಗೆ ಕೇಳುತ್ತಿತ್ತು. ಕಾಯಲ್ಲಿ ತೂತು ಇದೆ, ಹುಳ ಸಣ್ಣದಿದೆ, ಎಲ್ಲ ಸರಿ. ಆಮೇಲೆ, "ಬದುವಿನ ಮ್ಯಾಲ ಬೇವಿನ ಗಿಡ ಐತೇನ್ರಿ?" ಎಂದರು. "ಎರಡು ಅದಾವ್ರಿ." "ಹಂಗಾದ್ರ ಅರ್ಧ ಎಣ್ಣಿ ಸಾಕಂತ್ರಿ." ನಾನು ಎದ್ದು ನಿಂತೆ. ಹತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ಆದರೆ ಒಮ್ಮೆ ತಪ್ಪಲಿ, ಇದರ ಬಣ್ಣ ಬಯಲಾಗಲಿ ಎಂದು ಒಳಗಿನ ಕಿಚ್ಚು ಹೇಳಿತು. ಹುಸೇನಸಾಬರ ನಾಲ್ಕೆಕರೆ ಕಡಲೆಗಿಂತ ನನ್ನ ಸಣ್ಣ ಮೇಜು ನನಗೆ ದೊಡ್ಡದಾಗಿ ಕಂಡಿತು. ಕೂತುಬಿಟ್ಟೆ.

ಎಂಟು ದಿನಕ್ಕೆ ಅವರು ಜರಡಿಯಾದ ಗಿಡ ತಂದರು. ನಾನು ಓಡಿಹೋಗಿ, ಚಪ್ಪಲಿ ಸಮೇತ ಆ ಕೋಣೆಗೆ ನುಗ್ಗಿ, "ನಾ ಮೊದಲ ಹೇಳಿದ್ದೆ, ಡಬ್ಬಿಗೆ ಒಕ್ಕಲುತನ ಏನ ತಿಳೀತೈತಿ" ಎಂದೆ. ಹಾಗೆ ಯಾರಿಗೂ ಹೇಳಿರಲಿಲ್ಲ, ಅದು ಬೇರೆ ಮಾತು. ಹುಸೇನಸಾಬರು ಶಾಂತವಾಗಿ, "ಯಾಕ ಹಂಗ ಹೇಳ್ತು, ಅದನ್ನ ಕೇಳ್ರಿ ಮೇಡಂ" ಎಂದರು. ಮೇಡಂ ಗುಂಡಿ ಒತ್ತಿದರು. ಪರದೆಯ ಮೇಲೆ ಇಪ್ಪತ್ತೇಳನೇ ನಿಯಮ ಬಂತು. ಕೆಳಗೆ ಅದನ್ನು ಹೇಳಿದವರ ಹೆಸರು, ಹುದ್ದೆ ಸಮೇತ. ಇಂಥ ಮರ್ಯಾದೆ ಕೊಟ್ಟಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಹುಸೇನಸಾಬರು ನನ್ನ ಕಡೆ ತಿರುಗಿ, "ನೀವ್ಯಾಕ ಹಂಗ ಹೇಳಿದ್ರಿ ಸಾಹೇಬ್ರ?" ಎಂದರು. ಒತ್ತಿದರೆ ಕಾರಣ ತೋರಿಸುವ ಗುಂಡಿ ನನಗಿಲ್ಲ, ಬೆವರು ಮಾತ್ರ ಇದೆ. ಕೊನೆಗೆ, "ಸುಳ್ಳ ಹೇಳಿದೆ. ಇಷ್ಟು ವರ್ಷ ವಿಚಾರ ಮಾಡಾಕ ವ್ಯಾಳ್ಯಾ ಸಿಗಲಿ ಅಂತ ಕೇಳ್ತಿದ್ದೆ" ಎಂದೆ. ಗೋಡೆಯಾಚೆಯಿಂದ ಕೇಳಿಯೂ ಸುಮ್ಮನೆ ಕೂತಿದ್ದನ್ನೂ ಹೇಳಿದೆ. ಅಂದೇ ಅವರ ಹೊಲಕ್ಕೆ ಹೋಗಿ, ಪಂಪು ಬೆನ್ನಿಗೆ ಕಟ್ಟಿಕೊಂಡು ಪೂರಾ ಅಳತೆಯ ಎಣ್ಣೆ ನಾನೇ ಹೊಡೆದೆ. ಅರ್ಧ ಬೆಳೆ ಉಳಿಯಿತು. ಇತ್ತ ಮೇಡಂ ಒಂದು ಗುಂಡಿ ಒತ್ತಿ ಇಪ್ಪತ್ತೇಳನೆಯದನ್ನು ಅಳಿಸಿದರು, ಕಂಪ್ಯೂಟರ್ ಮರುಗಳಿಗೆಯೇ ನಿರಪರಾಧಿಯಾಯಿತು. ಫ್ಯಾನಿಗಿಂತ, ಇಳಕಲ್ ಹೊದಿಕೆಗಿಂತ, ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಆಗ.

ಮುಂದಿನ ವಾರ ಹುಸೇನಸಾಬರು ಟವೆಲ್ಲಿನ ಗಂಟು ಹಿಡಿದು ನನ್ನ ಮೇಜಿನ ಮುಂದೆಯೇ ಬಂದು ಕೂತರು. ಕರೆಂಟು ಹೋಗಿ ಎರಡು ದಿನವಾಗಿತ್ತು, ಆದರೂ ನಾನು ಅಂಗಿಯ ಗುಂಡಿ ಸರಿ ಮಾಡಿಕೊಂಡೆ. ಎಲೆ ಮುರಿದು ಮೂಸಿದೆ, ಕಾಂಡ ಸೀಳಿ ಬೆಳಕಿಗೆ ಹಿಡಿದೆ, ಕಣ್ಣು ಕಿರಿದು ಮಾಡಿ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು, "ಬೇವಿನ ಗಿಡ ಐತ್ರಿ. ನೀವು ಸಾವಕಾಶ ವಿಚಾರ ಮಾಡ್ರಿ, ನಾ ಕುಂತಿರ್ತೀನಿ."