ತೋಳ ಎಂದದ್ದು ತಪ್ಪಾಯಿತು

ಕಲ್ಲಯ್ಯನ ಫಜೀತಿಗೆಲ್ಲ ಒಂದೇ ಒಂದು ಪದ ಕಾರಣ. ತೋಳ.

ಕ್ರೋಯ್ಡನ್ನಿನ ಆಫೀಸಿನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಲಂಡನ್ನಿನ ಹಳೆಯ ಜಾಗಗಳನ್ನು ನಡೆಸಿಕೊಂಡು ಹೋಗಿ ತೋರಿಸುವ ಸಣ್ಣ ಕಂಪನಿಯೊಂದಕ್ಕೆ ಕನ್ನಡದ ಗೈಡ್ ಬೇಕಾಗಿದ್ದ. ಹೆಂಡತಿ ಶೋಭಾ ತಾನೇ ಅರ್ಜಿ ತುಂಬಿ, ಗಂಡನಿಂದ ಸಹಿ ಮಾತ್ರ ಹಾಕಿಸಿಕೊಂಡಿದ್ದಳು. ಇಂದು ಪರೀಕ್ಷೆ. ಕಂಪನಿಯ ಪರೀಕ್ಷಕರೊಬ್ಬರು ಗುಂಪಿನಲ್ಲೇ ಇರುತ್ತಾರೆ, ಯಾರೆಂದು ಹೇಳುವುದಿಲ್ಲ ಎಂದು ಪತ್ರ ಬಂದಿತ್ತು.

ಬಂದವರು ಹತ್ತು ಜನ. ಅವರಲ್ಲಿ ಮೇಲಿನ ಫ್ಲ್ಯಾಟಿನ ರತ್ನವ್ವ, ಕೆಳಗಿನ ಫ್ಲ್ಯಾಟಿನ ಉಮಾನಾಥ ಇಬ್ಬರೂ ಕರೆಯದೆ ಬಂದವರು. ಧೈರ್ಯ ತುಂಬುವುದಕ್ಕಂತೆ.

ನವೆಂಬರಿನ ಮಧ್ಯಾಹ್ನ ಮೂರೂವರೆಗೇ ಬೆಳಕು ಬಸಿದುಹೋಗುತ್ತಿತ್ತು. ಸೇಂಟ್ ಪಾಲ್ಸ್ ಟ್ಯೂಬ್ ಸ್ಟೇಷನ್ನಿನ ಹತ್ತಿರ, ಯುದ್ಧದ ಬಾಂಬಿಗೆ ಸೂರು ಕಳೆದುಕೊಂಡ ಚರ್ಚಿನ ಗೋಡೆಗಳ ನಡುವೆ ಈಗ ಗುಲಾಬಿ ತೋಟ. ಹೂವಿಲ್ಲ, ಮುಳ್ಳಷ್ಟೇ. ಕಲ್ಲಯ್ಯ ಗಂಟಲು ಸರಿಮಾಡಿಕೊಂಡ.

"ಇಲ್ಲಿದ್ದ ಹಳೇ ಚರ್ಚಿನಾಗ ಇಸಬೆಲ್ಲಾ ರಾಣೀನ್ನ ಮಣ್ಣು ಮಾಡಿದ್ರು. ಹನ್ನೆರಡರ ಹುಡುಗಿ, ಫ್ರಾನ್ಸಿಂದ ಮದುವಿಯಾಗಿ ಬಂದಾಕಿ. ಗಂಡ ಎರಡನೇ ಎಡ್ವರ್ಡ್ ರಾಜಾ. ಕಡೀಗೆ ಮಾರ್ಟಿಮರ್ ಅನ್ನೋ ಗೆಣೆಯನ ಕೂಡ ಸೈನ್ಯಾ ತಂದು ಗಂಡನ್ನ ಗಾದಿಯಿಂದ ಇಳಿಸಿದ್ಲು. ರಾಜಾ ಸೆರಿಮನ್ಯಾಗ ಸತ್ತ. ಈಕೀನೇ ಕೊಲ್ಲಿಸಿದ್ಲು ಅಂತಾರ. ಅದಕ್ಕ ಈಕಿ ಹೆಣ್ಣುತೋಳ!"

"ಯಪ್ಪಾ ಕಲ್ಲಯ್ಯಾ," ರತ್ನವ್ವ ತಡೆದಳು, "ಹೆಣಾ ಹೂಳಿದ ಜಾಗಾದಾಗ ನಿಂತು ಆಕೀನ್ನೇ ತೋಳ ಅಂತೀಯಲ್ಲ?"

"ಕೊಲ್ಲಿಸಿದ್ದು ಯಾರು ನೋಡ್ಯಾರ?" ಎಂದಿತು ಇನ್ನೊಂದು ದನಿ.

ಬೆಂಚಿನ ಮೇಲೆ ಬೂದು ನಿಲುವಂಗಿಯ ಮುದುಕಿಯೊಬ್ಬಳು ಕೂತಿದ್ದಳು. ಎಣಿಸಿದ ಹತ್ತರಲ್ಲಿ ಆಕೆ ಇರಲಿಲ್ಲ. ಚಳಿಗೆ ಎಲ್ಲರ ಬಾಯಿಂದಲೂ ಕುದಿಯುವ ಕೆಟಲ್ಲಿನಂತೆ ಹಬೆ ಬರುತ್ತಿತ್ತು. ಆಕೆಯ ಬಾಯಿಂದ ಬರುತ್ತಿರಲಿಲ್ಲ. ಕಲ್ಲಯ್ಯನಿಗೆ ದೆವ್ವವೇನೋ ಎನ್ನಿಸಿತು. ಆದರೆ ಆಕೆ ಮಾತಾಡಿದ್ದು ಅಪ್ಪಟ ಬೆಳಗಾವಿ ಕನ್ನಡ. ಇಂಗ್ಲೆಂಡಿನ ದೆವ್ವ ಬೆಳಗಾವಿ ಕನ್ನಡ ಮಾತಾಡೀತೇ? ಇವರೇ ಪರೀಕ್ಷಕರು, ಅನುಮಾನವೇ ಇಲ್ಲ ಎಂದುಕೊಂಡ.

"ನಮ್ಮ ದೊರೆಸಾನಿಯವರ ಒಡವಿ ಎಲ್ಲಾ ರಾಜಾ ತನ್ನ ಗೆಳ್ಯಾಗ ಕೊಟ್ಟಾಗ ನೀವಿದ್ರೇನು?" ಮುದುಕಿ ಕೇಳಿದಳು. "ಮಕ್ಕಳನ್ನ ಕಸಗೊಂಡಾಗ? ಲಗ್ನದ ನಿಲುವಂಗ್ಯಾಗೇ ಅವರನ್ನ ಮಣ್ಣು ಮಾಡಿದ್ವಿ. ಗಂಡನ ಗುಂಡಿಗಿ ಒಂದು ಡಬ್ಬ್ಯಾಗಿಟ್ಟು ಎದಿ ಮ್ಯಾಲ ಇಟ್ವಿ. ನಿಲುವಂಗಿ ಹರಿದಿತ್ತು. ನಾನೇ ಹೊಲಿದೆ."

ಪರೀಕ್ಷಕರು ರಾಣಿಯ ದಾಸಿಯ ವೇಷ ಕಟ್ಟಿ ತನ್ನನ್ನು ಪರೀಕ್ಷಿಸುತ್ತಿದ್ದಾರೆ! ಕಲ್ಲಯ್ಯ ಬೆಂಚಿನತ್ತ ತಿರುಗಿ, "ಹೌದ್ರೀ ತಾಯೀ, ನೀವು ಹೇಳೂದು ಖರೇ. ಅನ್ಯಾಯ ಆಗೇದ," ಎಂದು ರಾಣಿಯ ಪರವಾಗಿ ಶುರುಮಾಡಿದ. ಗುಂಪು ಒಂದು ಹೆಜ್ಜೆ ಹಿಂದಿಟ್ಟಿತು. ರತ್ನವ್ವ ಪರ್ಸಿನಿಂದ ವಿಭೂತಿ ತೆಗೆದು ಹಣೆಗೆ ಬಳಿದುಕೊಂಡಳು. ತನ್ನ ಮಾತಿನ ಪ್ರಭಾವ ಎಂದು ಕಲ್ಲಯ್ಯ ಉಬ್ಬಿದ.

"ಸಾಕು ಮಾರಾಯ್ರೆ, ಮನೆಗೆ ಹೋಗುವ," ಉಮಾನಾಥ ಅವನ ತೋಳು ಹಿಡಿದೆಳೆದ.

"ತಪ್ಪಾತು ಅನ್ರಿ," ಎಂದಳು ಮುದುಕಿ.

ಕಲ್ಲಯ್ಯ ಟೋಪಿ ತೆಗೆದು ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದ. "ತೋಳ ಅಂದದ್ದು ತಪ್ಪಾತ್ರೀ!"

ಉಮಾನಾಥ ಹೆದರಿ ಹಿಂದೆ ಸರಿದ. ಬೆಂಚಿನ ಮೇಲೆ ಧೊಪ್ಪನೆ ಕುಸಿದ.

"ಏಳ್ರೀ!" ಕಲ್ಲಯ್ಯ ಕಿರುಚಿದ. "ಅವರ ತೊಡಿ ಮ್ಯಾಲೇ ಕುಂತೀರಲ್ಲ!"

"ಯಾರ ತೊಡೆ? ಇಲ್ಲಿ ಯಾರಿದ್ದಾರೆ?" ಎಂದ ಉಮಾನಾಥ, ಮರುಕ್ಷಣವೇ ಕೆಂಡ ತಾಗಿದವನಂತೆ ಹಾರಿ ನಿಂತ. "ಅಯ್ಯಯ್ಯೋ, ಬೆಂಚು ಬರೀ ಐಸು!"

ಅವನು ಕೂತಿದ್ದಷ್ಟು ಹೊತ್ತೂ ಅವನ ಎದೆಯ ಮೂಲಕ ಕಲ್ಲಯ್ಯನಿಗೆ ಮುದುಕಿಯ ಮುಖ ಕಾಣುತ್ತಲೇ ಇತ್ತು. ಕಲ್ಲಯ್ಯ ಮಂಡಿಯ ಮೇಲೇ ಹಿಂದಕ್ಕೆ ತೆವಳಿದ.

ಆಗ ಹಿಂದಿನಿಂದ ಚಪ್ಪಾಳೆ. ಅಷ್ಟು ಹೊತ್ತೂ ಪೆಪ್ಪರ್‌ಮಿಂಟ್ ಚೀಪುತ್ತ ನಿಂತಿದ್ದ ಅನಂತಮೂರ್ತಿ ಎಂಬವರು ಮುಂದೆ ಬಂದರು.

"ಪರೀಕ್ಷಕ ನಾನೇ ಸ್ವಾಮಿ. ಎಂಥಾ ಅಭಿನಯ! ಖಾಲಿ ಬೆಂಚನ್ನ ಇಟ್ಕೊಂಡು ನನ್ನ ಮೈ ನಡುಗಿಸಿಬಿಟ್ರಿ. ಕೆಲಸ ನಿಮ್ದೇ. ದಿನಾ ಮೂರೂವರೆಗೆ, ಇದೇ ತೋಟ, ಇದೇ ಬೆಂಚು."

"ಸರ್, ಬ್ಯಾರೆ ರಾಣಿ ಯಾರರೆ ಇದ್ರ..."

"ಚೆನ್ನಾಗಿರೋದನ್ನ ಯಾರಾದ್ರೂ ಬದಲಾಯಿಸ್ತಾರೇನ್ರೀ?"

ಅಷ್ಟರಲ್ಲಿ ರತ್ನವ್ವ ಶೋಭಾಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿಯಾಗಿತ್ತು. "ಹೂಂ ಅನ್ರೀ ಲಗೂನ!" ಎಂದಿತು ಫೋನು.

ಕಲ್ಲಯ್ಯ ಹೂಂ ಅಂದ. ಅನಂತಮೂರ್ತಿ ಕೈ ಹಿಡಿದು ಎಬ್ಬಿಸಿ, ಕೈಕುಲುಕಿ ಹೊರಟರು. ಗುಂಪೂ ನಗುತ್ತ, ಹೆದರುತ್ತ ಗೇಟಿನತ್ತ ಸರಿಯಿತು. ಅವನೂ ಹೆಜ್ಜೆ ಎತ್ತಿದ. ಕಿವಿಯ ಪಕ್ಕದಲ್ಲೇ ತಣ್ಣನೆಯ ಗಾಳಿ ಸುಳಿಯಿತು.

"ಛಲೋ ಹೇಳಿದ್ರಿ. ದೊರೆಸಾನಿಯವರಿಗೆ ಭಾಳ ಸಮಾಧಾನ ಆತು," ಎಂದಿತು ಮುದುಕಿಯ ದನಿ. "ನಾಳೆ ರಾಜರನ್ನೂ ಕರಕೊಂಡು ಬರ್ತಾರಂತ. ಇಬ್ಬರಾಗ ತಪ್ಪು ಯಾರದು ಅಂತ ನೀವೇ ತೀರ್ಪು ಹೇಳಬೇಕಂತ."