ಕರವಸ್ತ್ರದಡಿಯ ಪಾಸ್‌ವರ್ಡ್

ತಪ್ಪೆಲ್ಲ ಆ ಕರವಸ್ತ್ರದ್ದೇ ಎಂದು ಉಗ್ರಾಣದ ಗುಮಾಸ್ತರು ಇವತ್ತಿಗೂ ವಾದಿಸುತ್ತಾರೆ.

ಅಂದು ಕಚೇರಿಗೆ ಬರುತ್ತಲೇ ಸಾಹೇಬರ ಆಜ್ಞೆ ಕಾದಿತ್ತು: ಎಲ್ಲರೂ ಇಂದೇ ಪಾಸ್‌ವರ್ಡ್ ಬದಲಿಸಬೇಕು, ಯಾರಿಗೂ ಹೇಳಬಾರದು. ಗುಮಾಸ್ತರ ತಲೆನೋವು ಬೇರೆಯೇ ಇತ್ತು. ಸಂಜೆಯೊಳಗೆ ಕಂಪ್ಯೂಟರಿನಲ್ಲಿ ರಜೆಯ ಅರ್ಜಿ ಹಾಕದಿದ್ದರೆ ನಾಳೆಯ ಸಮುದ್ರತೀರದ ಪ್ರವಾಸ ಈ ವರ್ಷವೂ ತಪ್ಪುತ್ತಿತ್ತು. "ಈ ಸಲ ಕೈಕೊಟ್ರೆ ನೋಡಿ ಮತ್ತೆ" ಎಂದು ಹೆಂಡತಿ ಆಗಲೇ ಪೆಟ್ಟಿಗೆ ಕಟ್ಟಿದ್ದಳು. ಗುಮಾಸ್ತರಿಗೂ ಕಚೇರಿ ಸಾಕಾಗಿಹೋಗಿತ್ತು. ಒಂದು ವಾರ ಮರಳ ಮೇಲೆ ಸುಮ್ಮನೆ ಬಿದ್ದುಕೊಳ್ಳಬೇಕು, ಯಾರೂ ಏನೂ ಕೇಳಬಾರದು, ಅಷ್ಟೇ ಆಸೆ.

ಪಾಸ್‌ವರ್ಡ್ ಬದಲಿಸಲು ಕೂತರೆ ಬೆನ್ನ ಹಿಂದೆ ಸಂತೆಯೇ ನೆರೆಯಿತು.

"ಮಗಳ ಹೆಸರು ಹಾಕಿ ಸಾರ್, ಮರೆಯಲ್ಲ" ಎಂದಳು ಟೈಪಿಸ್ಟ್.

"ಅಯ್ಯೋ, ಹುಟ್ಟಿದ ತಾರೀಕು ಹಾಕಿ ಸಾರ್, ಇನ್ನೂ ಸುಲಭ" ಎಂದು ಕ್ಯಾಷಿಯರ್ ಕೀಲಿಮಣೆಗೇ ಮೂಗು ತಂದ.

ರೋಸಿಹೋದ ಗುಮಾಸ್ತರು ಕೀಲಿಮಣೆಯ ಮೇಲೆ ಕರವಸ್ತ್ರ ಹಾಸಿ, ಅದರಡಿ ಕೈ ತೂರಿಸಿ ಮನಸ್ಸಿನಲ್ಲಿದ್ದ ಪದವನ್ನು ಕಟಕಟನೆ ಕುಟ್ಟಿದರು. ಇನ್ನೊಮ್ಮೆ ಬರೆಯಿರಿ ಎಂದಾಗ ಹಾಗೆಯೇ ಮತ್ತೊಮ್ಮೆ ಕುಟ್ಟಿದರು. ಕಂಪ್ಯೂಟರು ಒಪ್ಪಿಕೊಂಡಿತು.

ಮಧ್ಯಾಹ್ನ ಅರ್ಜಿ ಹಾಕಲು ಹೋದರೆ ಖಾತೆ ತೆರೆಯಲೇ ಇಲ್ಲ. ಬಟ್ಟೆಯ ಕೆಳಗೆ ಬೆರಳುಗಳು ಪಕ್ಕದ ಕೀಲಿಗಳಿಗೆ ಸರಿದುಬಿಟ್ಟಿದ್ದವು. ಎಡಕ್ಕೋ ಬಲಕ್ಕೋ ದೇವರೇ ಬಲ್ಲ. ಮತ್ತೆ ಕರವಸ್ತ್ರ ಹಾಸಿ ಕುಟ್ಟಿದರು.

"ಬೆಳಗ್ಗೆ ಸ್ವಲ್ಪ ವಾಲಿಕೊಂಡು ಕೂತಿದ್ರಿ ಸಾರ್" ಎಂದಳು ಟೈಪಿಸ್ಟ್. ವಾಲಿದರು.

"ಸಿಟ್ಟಲ್ಲೂ ಇದ್ರಿ" ಎಂದ ಕ್ಯಾಷಿಯರ್. ಸಿಟ್ಟಿಗೇನೂ ಬರವಿರಲಿಲ್ಲ. ಆದರೂ ಖಾತೆ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ.

ಕಂಪ್ಯೂಟರ್ ವಿಭಾಗಕ್ಕೆ ಓಡಿದರು. ಅಲ್ಲಿದ್ದ ತಜ್ಞ ತಲೆಯೆತ್ತದೆ, "ಸಾಹೇಬ್ರು ಎಲ್ಲರ ಖಾತೆನೂ ಪರೀಕ್ಷೆ ಮಾಡಿಸ್ತಿದಾರೆ. ಅದು ಮುಗಿಯೋ ತನಕ ಯಾರದನ್ನೂ ರಿಪೇರಿ ಮಾಡೋ ಹಾಗಿಲ್ಲ" ಎಂದ. ಗುಮಾಸ್ತರು ಅಲ್ಲೇ ಬೆಂಚಿನ ಮೇಲೆ ಕಾಯುತ್ತ ಕೂತರು.

ಸಂಜೆ ಸಾಹೇಬರ ಕರೆ ಬಂತು. ಬೈಸಿಕೊಳ್ಳಲು ಸಿದ್ಧರಾಗಿಯೇ ಹೋದ ಗುಮಾಸ್ತರ ಕೈಯನ್ನು ಅವರು ಹಿಡಿದು ಕುಲುಕಿದರು.

"ಭೇಷ್! ಮಕ್ಕಳ ಹೆಸರು, ಹುಟ್ಟಿದ ತಾರೀಕು ಅಂತ ಊಹಿಸಿಯೇ ನಮ್ಮ ತಜ್ಞ ಎಲ್ಲರ ಖಾತೆ ತೆರೆದುಬಿಟ್ಟ. ನಿಮ್ಮದೊಂದೇ ಏನು ಮಾಡಿದ್ರೂ ತೆರೆಯೋಕಾಗ್ಲಿಲ್ಲ!"

"ನನಗೂ ಆಗ್ತಿಲ್ಲ ಸಾರ್..."

"ಈ ವಿನಯವೇ ನಂಗಿಷ್ಟ. ನಾಳೆಯಿಂದ ಒಂದು ವಾರ ಇಡೀ ಕಚೇರಿಗೆ ಪಾಸ್‌ವರ್ಡ್ ಪಾಠ ಹೇಳೋರು ನೀವೇ."

"ಸಾರ್, ನಾಳೆಯಿಂದ ನಂಗೆ ರಜೆ ಬೇಕಿತ್ತು..."

ಸಾಹೇಬರು ಕಂಪ್ಯೂಟರಿನತ್ತ ಕಣ್ಣಾಡಿಸಿ ಮರುಕದಿಂದ ತಲೆಯಾಡಿಸಿದರು.

"ಛೆ, ಅರ್ಜಿ ಹಾಕಿದ್ರೆ ಖಂಡಿತ ಕೊಡ್ತಿದ್ದೆ. ನೀವು ಹಾಕೇ ಇಲ್ವಲ್ರೀ!"