ಚಿಗರೆ ಕಂಪನಿಗೆ, ಲೇಡೀಸ್ ಸೈಕಲ್ಲಿನ ಎರಡು ಮುಂದಿನ ರಿಮ್ಮುಗಳ ವಿಷಯವಾಗಿ

ಚಿಗರೆ ಸೈಕಲ್ ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ, ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ಗಡಿಯಾರ ರಿಪೇರಿ ನಾಗರಾಜಪ್ಪ ನಡು ಬಗ್ಗಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ನೋಟೀಸು ತಲುಪಿತು. ನನ್ನ ಸೈಕಲ್ಲಿಗೆ ಅನಧಿಕೃತ ಚಕ್ರಗಳನ್ನು ಜೋಡಿಸಿರುವುದು ತಮ್ಮ ತಪಾಸಣೆಯಲ್ಲಿ ಸಾಬೀತಾಗಿದೆಯೆಂದೂ, ಹದಿನೈದು ದಿನದೊಳಗೆ ಮೂಲ ಚಕ್ರಗಳನ್ನು ಮರಳಿ ಹಾಕದಿದ್ದರೆ ಐದು ವರ್ಷದ ವಾರಂಟಿ ರದ್ದಾಗುವುದೆಂದೂ ಅದರಲ್ಲಿದೆ. ಒಂದೂವರೆ ವರ್ಷದಲ್ಲಿ ನಾನು ಬರೆದ ಹನ್ನೊಂದು ಪತ್ರಗಳಿಗೆ ಒಂದೇ ಉತ್ತರವನ್ನು, ಒಂದು ಅಲ್ಪವಿರಾಮವೂ ಆಚೀಚೆ ಆಗದಂತೆ, ಹನ್ನೊಂದು ಸಲ ಕಳಿಸಿದ ತಾವು ಈಗ ತಾವಾಗಿಯೇ ಹೊಸ ವಾಕ್ಯಗಳನ್ನು ಬರೆದಿರುವುದು ಕಂಡು ನಮ್ಮ ಮನೆಯಲ್ಲಿ ಅಂದು ಪಾಯಸ ಮಾಡಿದೆವು.

ಸೈಕಲ್ಲಿಗೆ ನಗರಸಭೆಯ ಬಿಲ್ಲೆ ಇಲ್ಲದಿದ್ದರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದ ಕಾಲದಿಂದಲೂ ನಾನು ಸೈಕಲ್ ತುಳಿಯುತ್ತ ಬಂದವನು. ತಮ್ಮ ರೇಸ್ ಮಾದರಿಯ ಸೈಕಲ್ಲನ್ನು ಕೊಂಡದ್ದು ವೇಗಕ್ಕಲ್ಲ. ಪೆಡಲ್ ನಿಲ್ಲಿಸಿದಾಗ ಅದರ ಹಿಂಚಕ್ರ ಮಾಡುವ ಟಿಕ್ ಟಿಕ್ ಸದ್ದು ಒಳ್ಳೆಯ ಗಡಿಯಾರದ ಸದ್ದಿನಂತಿತ್ತು ಎಂಬ ಒಂದೇ ಕಾರಣಕ್ಕೆ. ಮಂಗಳವಾರ ಮತ್ತು ಶುಕ್ರವಾರ ಹರಿಹರದಲ್ಲಿ ಒಂದು ಮೇಜು ಹಾಕಿಕೊಂಡು ರಿಪೇರಿಗೆ ಕೂರುವ ನಾನು, ದೊಡ್ಡಬಾತಿ ಊರಿನ ಮೇಲೆ ಹಾದುಹೋಗುವ ಹಳೆಯ ರಸ್ತೆಯಲ್ಲಿ ಹೋಗಿಬರುತ್ತೇನೆ. ತಾವು ದಯಪಾಲಿಸಿದ ಇಪ್ಪತ್ತೈದು ಮಿಲಿಮೀಟರ್ ಅಗಲದ, ಕಲ್ಲಿನಂತೆ ಗಾಳಿ ತುಂಬಿದ ಟೈರುಗಳು ಆ ರಸ್ತೆಯ ಒಂದೊಂದು ಹರಳನ್ನೂ ಪ್ರಾಮಾಣಿಕವಾಗಿ ನನ್ನ ಅಂಗೈಗೆ ವರದಿ ಮಾಡಿದವು. ಇಷ್ಟು ನಿಷ್ಠೆಯ ವರದಿಗಾರಿಕೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಎಂಟು ತಿಂಗಳಾಗುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು, ಹಿಡಿದ ಚಿಮಟ ಹಿಡಿದದ್ದು ತಿಳಿಯದಾಯಿತು. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಕೂರಿಸುವವನಿಗೆ ಇದು ಸಣ್ಣ ವಿಷಯವಲ್ಲವೆಂದು ತಮ್ಮಂಥ ಸೂಕ್ಷ್ಮಜ್ಞರಿಗೆ ಹೇಳಬೇಕಿಲ್ಲ. ವೈದ್ಯರು ಹೆಚ್ಚು ಮಾತಾಡಲಿಲ್ಲ. "ಆ ಸೈಕಲ್ಲರ ಬಿಡ್ರಿ, ಇಲ್ಲ ಆ ಕಸುಬರ ಬಿಡ್ರಿ" ಎಂದರು. ಹರಿಹರದ ನಿವೃತ್ತ ನರ್ಸ್ ಖತೀಜಾಬೀ ಅವರು ಮೂವತ್ತು ವರ್ಷ ಎದೆಗೆ ಸಿಕ್ಕಿಸಿಕೊಂಡು ರೋಗಿಗಳ ನಾಡಿ ಎಣಿಸಿದ ಪುಟ್ಟ ಗಡಿಯಾರ ಆಗ ನನ್ನ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ಪ್ರತಿ ಶುಕ್ರವಾರ ಬಂದು, "ಏನ್ರೀ ಡಾಕ್ಟ್ರೇ, ನನ್ ಪೇಷಂಟು ಇನ್ನೂ ಐಸಿಯುನಾಗೇ ಐತೇನ್ರಿ? ಇಲ್ಲ ಅಂದ್ರೆ ಬಾಡಿ ಆದ್ರೂ ಕೊಡ್ರಿ" ಎಂದು ಕೇಳುತ್ತಿದ್ದರು. ನಾನು ಬರುವ ಶುಕ್ರವಾರ ಎನ್ನುತ್ತಿದ್ದೆ.

ಅಗಲವಾದ ಟೈರು ಬೇಕೆಂದು ತಮ್ಮನ್ನು ಬೇಡಿದ್ದು ಈ ಕಾರಣಕ್ಕೆ. "ತಮ್ಮ ಮಾದರಿಗೆ ಇದಕ್ಕಿಂತ ಅಗಲದ ಟೈರು ಹಿಡಿಸುವುದಿಲ್ಲ. ಉತ್ತಮ ರಸ್ತೆಗಳಲ್ಲಿ ಮಾತ್ರ ಸವಾರಿ ಮಾಡಿ ಆನಂದಿಸಿ" ಎಂದು ತಾವು ಹನ್ನೊಂದು ಸಲ ಆಶೀರ್ವದಿಸಿದಿರಿ. ಆನಂದಿಸಲು ಸಿದ್ಧನಿದ್ದೆ, ಆ ಉತ್ತಮ ರಸ್ತೆಯೂ ಸೈಕಲ್ಲಿನ ಡಬ್ಬಿಯಲ್ಲೇ ಬಂದಿರಬಹುದೆಂದು ರಟ್ಟನ್ನೆಲ್ಲ ತಡಕಿ ನೋಡಿದೆ.

ಕೊನೆಗೆ ನಾನೇ ಓದತೊಡಗಿದೆ. ಚಕ್ರದ ಅಳತೆಯನ್ನು ಚಿಕ್ಕದು ಮಾಡಿ ಟೈರನ್ನು ದಪ್ಪ ಮಾಡಿದರೆ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆಂದೂ, ನನ್ನದರಂತೆ ರಿಮ್ಮನ್ನು ಮುಟ್ಟದ ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿಗೆ ಇದರಿಂದ ಬಾಧೆಯಿಲ್ಲವೆಂದೂ, ಹೊರದೇಶದ ರಸಿಕರು ಇದಕ್ಕೆ ರಿಮ್ಮಿನ ವ್ಯಾಸ ಐನೂರ ಎಂಬತ್ತನಾಲ್ಕು ಮಿಲಿಮೀಟರ್ ಇರುವ ಅಪರೂಪದ ಅಳತೆಯನ್ನು ಬಳಸುತ್ತಾರೆಂದೂ ತಿಳಿಯಿತು. ತಮ್ಮ ಸಹಾಯವಾಣಿಯ ಹೆಣ್ಣುಮಗಳು, "ಸರ್, ಆ ಸೈಜು ಇಂಡಿಯಾದಲ್ಲೇ ಇಲ್ಲ ಸರ್" ಎಂದು ಮರುಗಿದಳು. ನಾನು ನಂಬಿದೆ. ಡಯಲ್ ತೋರಿಸುವುದನ್ನು ನಂಬದೆ ಹಿಂದಿನ ಮುಚ್ಚಳ ಬಿಚ್ಚಿ ನೋಡುವುದೇ ಕಸುಬಾಗಿರುವವನು ತಮ್ಮ ಮಾತನ್ನು ಆರು ತಿಂಗಳು ನಂಬಿದ್ದು ತಮ್ಮ ಸಂಸ್ಥೆಯ ಬಗೆಗಿನ ಗೌರವದಿಂದಲೇ.

ಹೀಗಿರುವಾಗ ನನ್ನ ಮನೆಯವಳಾದ ದ್ರಾಕ್ಷಾಯಣಮ್ಮನ ಸೈಕಲ್ ಪಂಕ್ಚರಾಗಿ ಮಕ್ತುಮ್ ಸಾಬರ ಅಂಗಡಿಗೆ ತಳ್ಳಿಕೊಂಡು ಹೋದೆ. ಅವರು ಟ್ಯೂಬನ್ನು ನೀರಿನಲ್ಲಿ ಅದ್ದುತ್ತಿರುವಾಗ, ಸುಮ್ಮನೆ ಕೂರಲಾಗದೆ, ಭೂತಗನ್ನಡಿ ತೆಗೆದು ಟೈರಿನ ಪಕ್ಕೆಯ ಸಣ್ಣಕ್ಷರ ಓದಿದೆ.

"ಐನೂರ ಎಂಬತ್ನಾಕು!" ಎಂದು ನಾನು ಕೂಗಿದ್ದಕ್ಕೆ ಸಾಬರು ತಲೆಯೆತ್ತದೆ, "ಯಾಕ್ರೀ ಯಜಮಾನ್ರೇ, ಮಟ್ಕಾದಾಗ ಓಸಿ ನಂಬರ್ ಬಂತೇನ್ರೀ?" ಎಂದರು. ವಿಷಯ ಹೇಳಿದೆ. ಅವರು ಮೇಲೆ ಕೈ ತೋರಿಸಿದರು. ಸೂರಿನ ಗಳುವಿಗೆ ಅದೇ ಅಳತೆಯ ಟೈರುಗಳು ಒಂದು ಡಜನ್ ನೇತಾಡುತ್ತಿದ್ದವು. "ಲೇಡೀಸ್ ಸೈಕಲ್ ಟೈರು ಐತ್ರೀ ಇದು. ನಮ್ ಅಬ್ಬಾನ ಕಾಲದಾಗಿಂದ ಇಲ್ಲೇ ನೇತಾಡ್ತೈತೆ. ಅಪರೂಪ ಅಂದ್ರೆ ಹೆಂಗ್ರೀ, ವಾರಕ್ಕೆ ನಾಕು ಹೋಗ್ತಾವು!"

ಮನೆಯಲ್ಲಿ ಸಿಕ್ಕ ಸತ್ಕಾರವನ್ನೂ ದಾಖಲಿಸಬೇಕು. "ಆರು ತಿಂಗಳಿಂದ ದಿನಾ ಬೆಳಗ್ಗೆ ನನ್ ಸೈಕಲ್ ಪಕ್ಕಕ್ಕೆ ಸರಿಸಿ ನಿಮ್ದು ಹೊರಗೆ ತೆಗೀತಿದ್ರಲ್ರೀ. ಕಣ್ಣಿಗೆ ಭೂತಗನ್ನಡಿ ಹಾಕ್ಕಂಡಿದ್ದೇ ಬಂತು" ಎಂದಳು.

ಇನ್ನು ಅಪರಾಧದ ವಿವರ. ನಮ್ಮ ಕಡೆಯ ಸೈಕಲ್ಲುಗಳಲ್ಲಿ ಹಿಂದಿನ ರಿಮ್ಮಿಗೆ ಕಡ್ಡಿ ತೂರಿಸುವ ನಲವತ್ತು ತೂತು, ಮುಂದಿನದಕ್ಕೆ ಮೂವತ್ತೆರಡು. ತಮ್ಮ ಸೈಕಲ್ಲಿನ ಚಕ್ರಗಳ ನಡುವಿನ ಹಬ್ಬುಗಳಿಗೆ ಹಿಂದೂ ಮುಂದೂ ಮೂವತ್ತೆರಡೇ. ಇಲ್ಲಿಗೆ ಎಲ್ಲ ಮುಗಿಯಿತೆಂದು ನಾನು ನಿಟ್ಟುಸಿರಿಟ್ಟೆ. ಸಾಬರು ಬೀಡಿ ಹಚ್ಚಿ ಒಂದು ಗಳಿಗೆ ಯೋಚಿಸಿ, "ಹಿಂದಕ್ಕೂ ಮುಂದಿಂದೇ ಹಾಕಾಣ ಬಿಡ್ರಿ. ಸೈಕಲ್ಲಿಗೇನ್ ಗೊತ್ತಾಗ್ತೈತೆ?" ಎಂದರು. ಕಡ್ಡಿಗಳನ್ನು ಅಳತೆಗೆ ಕತ್ತರಿಸಿ, ಕಟ್ಟಿ, ಎರಡು ಮಧ್ಯಾಹ್ನ ಕೂತು, ಚಕ್ರ ಓಲಾಡದೆ ತಿರುಗುವಂತೆ ಬೆಂಡು ತೆಗೆದರು. ಟೈರಿಗೂ ಫ್ರೇಮಿಗೂ ನಡುವೆ ಒಂದೊಂದು ಪಕ್ಕಕ್ಕೆ ಮೂರು ಮಿಲಿಮೀಟರ್ ಉಳಿಯಿತು. ಗಡಿಯಾರದವನಿಗೆ ಮೂರು ಮಿಲಿಮೀಟರ್ ಎಂದರೆ ಹೈಸ್ಕೂಲ್ ಮೈದಾನ. ಗಾಳಿಯನ್ನು ಮೊದಲಿನ ಅರ್ಧಕ್ಕಿಳಿಸಿದೆವು. ಅದೇ ರಸ್ತೆ, ಆದರೆ ಟೈರುಗಳು ವರದಿಯನ್ನು ತಮ್ಮಲ್ಲೇ ಇಟ್ಟುಕೊಂಡವು.

ಏಳನೆಯ ವಾರ ಕಿರುಬೆರಳಿಗೆ ಚಿಮಟದ ತಂಪು ತಾಗಿತು. ಆ ಶುಕ್ರವಾರ ಸ್ಪ್ರಿಂಗ್ ಕೂರಿಸಿದೆ. ಖತೀಜಾಬೀ ಅವರು ಗಡಿಯಾರವನ್ನು ಕಿವಿಗೆ ಹಿಡಿದು, ಆಮೇಲೆ ಅದನ್ನು ನೋಡಿಕೊಂಡು ತಮ್ಮ ನಾಡಿಯನ್ನೇ ಒಂದು ನಿಮಿಷ ಎಣಿಸಿ, ಎದೆಗೆ ಸಿಕ್ಕಿಸಿಕೊಂಡು ಹೋದರು. ಆ ಸಂತೋಷದಲ್ಲಿ ಸೈಕಲ್ಲಿನ ಫೋಟೋವನ್ನು ತಮಗೂ ಕಳಿಸಿದೆ. ಅದೊಂದು ತಪ್ಪು ನನ್ನದು.

ಮಾನ್ಯರೇ, ಮೂಲ ಚಕ್ರಗಳನ್ನು ಮರಳಿ ಹಾಕಲು ನನ್ನ ಅಭ್ಯಂತರವಿಲ್ಲ. ತಾವು ಇಲ್ಲಿಂದ ಹರಿಹರದವರೆಗಿನ ಹದಿನಾಲ್ಕು ಕಿಲೋಮೀಟರ್ ಉತ್ತಮ ರಸ್ತೆಯನ್ನು ಸುರುಳಿ ಸುತ್ತಿ ಪಾರ್ಸೆಲ್ ಮಾಡಬೇಕು, ಮಂಗಳವಾರ ಶುಕ್ರವಾರ ನನ್ನ ಪರವಾಗಿ ಸ್ಪ್ರಿಂಗ್ ಕೂರಿಸಲು ತಮ್ಮ ವಿಭಾಗದಿಂದ ಎರಡು ಬೆರಳುಗಳನ್ನು ನಿಯೋಜಿಸಬೇಕು, ಮತ್ತು ಆ ಬೆರಳುಗಳಿಗೂ ಐದು ವರ್ಷದ ವಾರಂಟಿ ಬರೆದುಕೊಡಬೇಕು. ಅಲ್ಲಿಯವರೆಗೆ ತಮ್ಮ ವಾರಂಟಿ ಪತ್ರವನ್ನು ಈ ಕಾಗದದ ಜೊತೆ ಹಿಂದಿರುಗಿಸುತ್ತಿದ್ದೇನೆ. ಮಡಿಕೆ ಬಿಚ್ಚಿಲ್ಲ, ಇನ್ನೊಬ್ಬ ಗ್ರಾಹಕರಿಗೆ ಬಳಸಬಹುದು.

ಹತ್ತೂ ಬೆರಳು ಜೋಡಿಸಿ,
ತಮ್ಮ ವಿಶ್ವಾಸಿ,
ನಾಗರಾಜಪ್ಪ

ತಾ.ಕ.: ತಪಾಸಣೆಗೆಂದು ತಾವು ಕಳಿಸಿದ ಇಂಜಿನಿಯರ್ ಸಾಹೇಬರು ಮೂರು ಪುಟ ಆಕ್ಷೇಪಣೆ ಬರೆದುಕೊಂಡ ಮೇಲೆ, ಬರೆದದ್ದು ಸರಿಯೇ ಎಂದು ಖಾತ್ರಿಪಡಿಸಿಕೊಳ್ಳಲು ನನ್ನ ಸೈಕಲ್ಲಿನಲ್ಲಿ ದೊಡ್ಡಬಾತಿಯವರೆಗೆ ಹೋಗಿಬಂದರು. ಅವರ ಹೆಸರು ಹೇಳುವುದು ಸೌಜನ್ಯವಲ್ಲ. ಅವರು ಸ್ವಂತ ಸೈಕಲ್ಲಿಗೂ ಹೀಗೇ ಕಟ್ಟಿಕೊಡಿ ಎಂದು ಮಕ್ತುಮ್ ಸಾಬರಿಗೆ ಒಪ್ಪಿಸಿ ಹೋದ ಜೊತೆ ಚಕ್ರಗಳನ್ನು ಕಟ್ಟಿ ಬೆಂಡು ತೆಗೆದಾಗಿದೆ, ಶುಕ್ರವಾರ ನಮಾಜಿನ ನಂತರ ಬಂದು ಒಯ್ಯಬಹುದೆಂದು ದಯವಿಟ್ಟು ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿಸುವುದು.